ಬರೆಗೋಡೆಗೆ ಕಟ್ಟಿದ ಹಳೆ ಫೋನು

ಜುಲೈ 21, 2025, ಸೋಮವಾರ
ಮಡಿಕೇರಿ

ಕೊಡವರ ಮಳೆಗಾಲದ ತಿಂಗಳು ಕಕ್ಕಡ ಹುಟ್ಟಿ ಐದು ದಿನ. ಸಂಜೆ ಆ ಮಳೆಯಲ್ಲೇ ಮಕ್ಕಂದೂರಿನ ಅಣ್ಣ ಬಂದಿದ್ದರು, ಜೊತೆಗೆ ಮಗ. 2018ರ ಆಗಸ್ಟಿನ ಭೂಕುಸಿತ ಕಂಡವರು. ಮನೆ ಹಿಂದಿನ ಬರೆಗೆ, ಅಂದರೆ ಕಡಿದಾದ ಮಣ್ಣಿನ ದಿಬ್ಬಕ್ಕೆ, ಕಟ್ಟಿದ ಕಲ್ಲುಗೋಡೆಯಲ್ಲಿ ಬಿರುಕು ಬಿಟ್ಟಿದೆ. ಗೋಡೆ ವಾಲಿದರೆ ಕೂಗಲಿ ಎಂದು ಹುಡುಗ ಹಳೆಯ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಬರೆದು ಗೋಡೆಗೆ ಅಂಟಿಸಿದ್ದಾನೆ.

"ಹತ್ತು ದಿನದಿಂದ ಸೊನ್ನೆಯೇ ತೋರಿಸ್ತಾ ಇದೆ. ಗೋಡೆ ಅಲುಗಿಲ್ಲ ಅಂತ ತಾನೇ?" ಎಂದು ಹುಡುಗ ಕೇಳಿದ.

ಕೋಡ್ ತೆರೆದು ನೋಡಿದಾಗ ಎದೆ ಧಸಕ್ಕೆಂದಿತು. ಅವನು ಓದುತ್ತಿದ್ದುದು ಲೀನಿಯರ್ ಆಕ್ಸೆಲರೇಶನ್. ಆ ಸೆನ್ಸರ್ ಗುರುತ್ವವನ್ನು ಕಳೆದೇ ಅಂಕಿ ಕೊಡುತ್ತದೆ. ಗೋಡೆ ನಿಧಾನವಾಗಿ ಹತ್ತು ಡಿಗ್ರಿ ಬಗ್ಗಿದರೂ ಅದು ಸೊನ್ನೆಯ ಆಸುಪಾಸೇ. ವಾಲು ತಿಳಿಯಬೇಕಾದರೆ ಬೇಕಿರುವುದೇ ಗುರುತ್ವ, ಎಂದರೆ ಗುರುತ್ವವನ್ನೂ ಸೇರಿಸಿ ಅಳೆಯುವ ಮಾಮೂಲಿ ಆಕ್ಸೆಲರೋಮೀಟರ್. ಗೈರೋಸ್ಕೋಪ್ ಬಳಸಲೇ ಎಂದು ಕೇಳಿದ. ಬೇಡ. ಅದು ಹೇಳುವುದು ತಿರುಗುವ ವೇಗವನ್ನು. ಸೆಕೆಂಡಿಗೆ 0.01 ಡಿಗ್ರಿ ತಪ್ಪಿದ್ದರೂ ಕೂಡುತ್ತಾ ಹೋದರೆ ಗಂಟೆಗೆ 36 ಡಿಗ್ರಿ. ತಿಂಗಳಿಗೆ ಅರ್ಧ ಡಿಗ್ರಿ ಸರಿಯುವ ಗೋಡೆಗೆ ಅದರಿಂದ ಏನೂ ಉಪಯೋಗವಿಲ್ಲ.

ಫೋನನ್ನು ಮೇಜಿನ ಮೇಲಿಟ್ಟೆವು. ಪರದೆ ಮೇಲಾದಾಗ ಝಡ್ (ಪರದೆಯಿಂದ ನೇರ ಹೊರಕ್ಕೆ ಚಾಚುವ ಅಕ್ಷ) 9.86, ಕವುಚಿದಾಗ ಮೈನಸ್ 9.70. ಎರಡನ್ನೂ ಕೂಡಿ ಅರ್ಧ ಮಾಡಿದರೆ 0.08, ಅದೇ ಆ ಅಕ್ಷದ ದೋಷ. ಮೇಜು ಒಂದೆರಡು ಡಿಗ್ರಿ ಓರೆಯಿದ್ದರೂ ಈ ಲೆಕ್ಕಕ್ಕೆ ಧಕ್ಕೆಯಿಲ್ಲ. ಮೇಸ್ತ್ರಿ ರಸಮಟ್ಟವನ್ನು ತಿರುವಿಟ್ಟು ನೋಡುವುದೂ ಇದಕ್ಕೇ. ಮಡಿಕೇರಿಯ ಎತ್ತರದಲ್ಲಿ ಗುರುತ್ವ ಸುಮಾರು 9.78. 0.08 ಎಂದರೆ ಹತ್ತಿರ ಹತ್ತಿರ ಅರ್ಧ ಡಿಗ್ರಿ.

ಗೋಡೆಗೆ ಬೆನ್ನು ಹಚ್ಚಿ ನೆಟ್ಟಗೆ ನಿಲ್ಲಿಸಿದ್ದಾಗ ಮಾಮೂಲಿ ಆಕ್ಸೆಲರೋಮೀಟರ್ ನೋಡಿ ಬರೆದುಕೊಂಡ ಅಂಕಿಯೂ ಹುಡುಗನ ಹತ್ತಿರ ಇತ್ತು: ಝಡ್ 0.43. ದೋಷ ಕಳೆದರೆ 0.35, ಬರೆಯ ಕಡೆಗೆ ಎರಡು ಡಿಗ್ರಿ ಒರಗಿದೆ. ತಡೆಗೋಡೆಯನ್ನು ಕಟ್ಟುವುದೇ ಹಾಗೆ. ಈ ಅಂಕಿ ಇಳಿಯುತ್ತಾ ಬಂದರೆ ಗೋಡೆ ಮನೆಯ ಕಡೆಗೆ ಬರುತ್ತಿದೆ ಎಂದರ್ಥ. ಝಡ್ ಹಾಗೇ ಇದ್ದು ಎಕ್ಸ್ (ಪರದೆಯ ಅಡ್ಡ ಅಕ್ಷ) ಮಾತ್ರ ಬದಲಾದರೆ ಜಾರಿರುವುದು ಬಹುಶಃ ಫೋನೇ. ಈ ತೇವದಲ್ಲಿ ಎರಡು ಬದಿಯ ಟೇಪ್ ಹಿಡಿದು ನಿಲ್ಲದು. ಕಲ್ಲಿಗೆ ಬೋಲ್ಟ್ ಹೊಡೆದು, ಕಬ್ಬಿಣದ ಪಟ್ಟಿಗೆ ಬಿಗಿಯಬೇಕು.

ಕೋನಕ್ಕೆ ಅಟಾನ್2 (ಎರಡು ಅಂಕಿಗಳಿಂದ ಕೋನ ಕೊಡುವ ಫಂಕ್ಷನ್) ಸಾಕು: ಒಂದು ಕಡೆ ಝಡ್, ಇನ್ನೊಂದು ಕಡೆ ಎಕ್ಸ್ ಮತ್ತು ವೈ ವರ್ಗಗಳ ಮೊತ್ತದ ವರ್ಗಮೂಲ. ಹತ್ತು ನಿಮಿಷಕ್ಕೊಮ್ಮೆ, 20,000 ಮೈಕ್ರೋಸೆಕೆಂಡ್ ಅಂತರದಲ್ಲಿ ಒಂದು ನಿಮಿಷ ಓದಿದರೆ 3,000 ಸ್ಯಾಂಪಲ್. ಸರಾಸರಿ ತೆಗೆಯಬೇಕು. ಆ ನಿಮಿಷದಲ್ಲಿ ಮರದ ಲಾರಿ ಹೋಗಿ ಅಂಕಿ ಕುಣಿದಿದ್ದರೆ ಅದನ್ನು ಬಿಟ್ಟು ಮತ್ತೆ ಓದಬೇಕು. ಇನ್ನೊಂದು: ಸೆನ್ಸರ್ ಅಂಕಿಗಳನ್ನು ತುಂಬಿಕೊಡುವ ಅರೇಯನ್ನು (ಅಂಕಿಗಳ ಸಾಲು) ಸಿಸ್ಟಮ್ ಮರುಬಳಕೆ ಮಾಡುತ್ತದೆ. ನಕಲು ತೆಗೆಯದೆ ಪಟ್ಟಿಗೆ ಸೇರಿಸಿದರೆ ಮೂರು ಸಾವಿರ ಸಲವೂ ಕೊನೆಯ ಅಂಕಿಯೇ ಕೂತಿರಬಹುದು. ಹುಡುಗನ ಕೋಡ್‌ನಲ್ಲಿ ಅದೂ ಇತ್ತು.

ಬದಲಾವಣೆಯನ್ನಷ್ಟೇ ನೋಡುವವರಿಗೆ ಸ್ಥಿರ ದೋಷ ತೊಂದರೆ ಕೊಡುವುದಿಲ್ಲ. ಬಿಸಿಯಾದಂತೆ ಆ ದೋಷವೇ ಸರಿಯುತ್ತದಲ್ಲ, ಅದು ಕಾಟ. ಚಾರ್ಜ್ ಆಗುವ ಫೋನು ಬಿಸಿಯಾಗುತ್ತದೆ, ಕರೆಂಟ್ ಹೋದರೆ ತಣ್ಣಗಾಗುತ್ತದೆ, ನಮ್ಮಲ್ಲಿ ಮಳೆಗಾಲದ ಕರೆಂಟು ಗೊತ್ತೇ ಇದೆ. ಪ್ರತಿ ಕೋನದ ಪಕ್ಕದಲ್ಲಿ ಬ್ಯಾಟರಿಯ ತಾಪವನ್ನೂ ಬರೆದಿಡಲು ಹೇಳಿದೆ. ಆಂಡ್ರಾಯ್ಡ್ ಅದನ್ನು ಡಿಗ್ರಿಯ ಹತ್ತನೇ ಒಂದರ ಲೆಕ್ಕದಲ್ಲಿ ಕೊಡುತ್ತದೆ, 312 ಎಂದರೆ 31.2.

ಎಲ್ಲಕ್ಕಿಂತ ಹೆದರಿಸಿದ್ದು ರಾತ್ರಿಯ ದಾಖಲೆ. ಪರದೆ ಆರಿದ ಮೇಲೆ ಒಂದು ಸಾಲೂ ಇಲ್ಲ. ಆಂಡ್ರಾಯ್ಡ್ 9ರಿಂದೀಚೆಗೆ ಹಿನ್ನೆಲೆಗೆ ಸರಿದ ಆ್ಯಪ್‌ಗೆ ಆಕ್ಸೆಲರೋಮೀಟರ್ ಸುದ್ದಿ ಬರುವುದಿಲ್ಲ. ನೋಟಿಫಿಕೇಶನ್ ತೋರಿಸುವ ಫೋರ್‌ಗ್ರೌಂಡ್ ಸರ್ವಿಸ್ ಬೇಕು, ಓದುವ ಆ ಒಂದು ನಿಮಿಷ ಪ್ರೊಸೆಸರ್ ಮಲಗದಂತೆ ವೇಕ್ ಲಾಕ್ ಬೇಕು. ಅಷ್ಟಾದರೂ ಕೆಲವು ಕಂಪನಿಗಳ ಫೋನುಗಳು ಬ್ಯಾಟರಿ ಉಳಿಸಲು ಆ್ಯಪನ್ನೇ ಮುಚ್ಚಿಬಿಡುತ್ತವೆ. ಹಾಗಾಗಿ ಅರ್ಧ ಗಂಟೆಗೊಮ್ಮೆ "ಇದ್ದೇನೆ" ಎಂಬ ಸಂದೇಶ ಮನೆಯೊಳಗಿನ ಫೋನಿಗೆ ಬರಲಿ, ಬಾರದಿದ್ದರೆ ಆ ಫೋನೇ ಕೂಗಲಿ ಎಂದೆ. ಹತ್ತು ರಾತ್ರಿ ಆ ಮನೆಯವರು ಈ ಮೌನವನ್ನು ನಂಬಿ ಮಲಗಿದ್ದಾರೆ.

ಹುಡುಗ ಎಲ್ಲವನ್ನೂ ಬರೆದುಕೊಂಡ. ಜಾಣ, ಎರಡು ದಿನದಲ್ಲಿ ಸರಿಮಾಡುತ್ತಾನೆ. ಮಳೆ ಜೋರಾದರೆ ಅಂಕಿ ಏನೇ ಇರಲಿ, ರಾತ್ರಿ ತಂಗಿಯ ಮನೆಗೆ ಹೋಗಿ ಎಂದು ಅಣ್ಣನಿಗೆ ಎರಡು ಸಲ ಹೇಳಿದೆ. ಹೂಂ ಅಂದರು.

ಅವರು ಹೋದ ಮೇಲೆ ಹೊಳೆಯಿತು. ಫೋನು ಅಳೆಯುವುದು ಗೋಡೆಯನ್ನು. ಗೋಡೆ ಅಲುಗದೆ, ಅದರ ಮೇಲಿನ ಕಾಫಿ ಗಿಡಗಳ ಬುಡದ ಮಣ್ಣು ಮಾತ್ರ ಜರಿದು ಬಂದರೆ... ನಾಳೆ ಬೆಳಿಗ್ಗೆ ಮೊದಲು ಅವರಿಗೆ ಫೋನ್ ಮಾಡಿ, ಬಿರುಕು ಗೋಡೆಯಲ್ಲಷ್ಟೇ ಇದೆಯೋ, ಮೇಲೆ ತೋಟದ ನೆಲದಲ್ಲೂ ಇದೆಯೋ ಎಂದು ಕೇಳಬೇಕು.