ಹುಡುಗರ ಮೂಗಿನ ರಕ್ತ: ಎಲ್ಲವೂ ಉಷ್ಣ ಅಲ್ಲ

ಬೇಸಿಗೆ ಬಂತೆಂದರೆ ವಿಜಯಪುರ, ಬಾಗಲಕೋಟೆ ಕಡೆ ಮೂಗಿನಿಂದ ರಕ್ತ ಬರುವುದು ಯಾರಿಗೂ ಹೊಸದಲ್ಲ. "ಉಷ್ಣ ಆಗೇತ್ರಿ, ಮಜ್ಜಿಗಿ ಕುಡಸ್ರಿ" ಅನ್ನುತ್ತಾರೆ, ತಲೆಗೆ ತಣ್ಣೀರು ಹಾಕುತ್ತಾರೆ. ಬಹಳಷ್ಟು ಸಲ ಗಾಬರಿಪಡುವಂಥದ್ದೇನೂ ಇರುವುದಿಲ್ಲ. ಒಣಗಾಳಿಗೆ ಮೂಗಿನ ನಡುಗೋಡೆಯ ತೆಳು ಪೊರೆ ಬಿರಿದಿರುತ್ತದೆ. ಕುಳಿತು, ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು 10–15 ನಿಮಿಷ ಬಿಡದೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಆದರೆ ಹದಿಹರೆಯದ ಹುಡುಗನಿಗೆ ಮತ್ತೆ ಮತ್ತೆ ಒಂದೇ ಹೊಳ್ಳೆಯಿಂದ ರಕ್ತ ಬರುತ್ತಿದ್ದು, ಅದೇ ಹೊಳ್ಳೆ ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದರೆ ಮಳೆಗಾಲದ ತನಕ ಕಾಯಬಾರದು.

ಅಲ್ಲಿ ಜುವೆನೈಲ್ ಆಂಜಿಯೋಫೈಬ್ರೋಮಾ ಎಂಬ ಗಡ್ಡೆ ಇರಬಹುದು. ಅಪರೂಪದ್ದು, ಹೆಚ್ಚುಕಡಿಮೆ ಹುಡುಗರಿಗಷ್ಟೇ ಬರುವಂಥದ್ದು. ಹುಡುಗಿಯ ರಿಪೋರ್ಟಿನಲ್ಲಿ ಈ ಹೆಸರು ಕಂಡರೆ ಸ್ಲೈಡನ್ನು (ಸೂಕ್ಷ್ಮದರ್ಶಕದಲ್ಲಿ ನೋಡುವ ಗಡ್ಡೆಯ ತೆಳು ಚೂರು) ಇನ್ನೊಮ್ಮೆ ನೋಡಿಸುವುದು ಒಳ್ಳೆಯದು. ಇದು ಕ್ಯಾನ್ಸರ್ ಅಲ್ಲ, ದೇಹದ ಬೇರೆ ಕಡೆ ಹರಡುವುದಿಲ್ಲ. ಆದರೆ ಇದರ ರಕ್ತನಾಳಗಳ ಗೋಡೆಯಲ್ಲಿ ಸ್ನಾಯುಪದರ ಸರಿಯಾಗಿ ಇರುವುದಿಲ್ಲ. ಗಾಯವಾದಾಗ ಅವು ಕುಗ್ಗಿ ಮುಚ್ಚಿಕೊಳ್ಳುವುದಿಲ್ಲ, ರಕ್ತ ಸುರಿಯುತ್ತಲೇ ಇರುತ್ತದೆ.

ಅದಕ್ಕೇ ಮೊದಲ ನಿಯಮ: ಒಪಿಡಿಯಲ್ಲಿ ಬಯಾಪ್ಸಿ, ಅಂದರೆ ಪರೀಕ್ಷೆಗೆ ಗಡ್ಡೆಯ ಚೂರು ತೆಗೆಯುವುದು, ಬೇಡ. "ಮೂಗಿನ್ಯಾಗ ಮಾಂಸ ಬೆಳದೈತಿ" ಅಂತ ಬಂದ ಹುಡುಗನಿಗೆ ಎಂಡೋಸ್ಕೋಪ್ (ಕ್ಯಾಮೆರಾ ಇರುವ ಸಣ್ಣ ದುರ್ಬೀನು) ಹಾಕಿದಾಗ ಬಿಳಚಿದ, ನೀರು ತುಂಬಿದಂಥ ಉಬ್ಬು ಕಂಡರೆ ಅದು ಸಾಮಾನ್ಯವಾಗಿ ಪಾಲಿಪ್, ಅಂದರೆ ಮೂಗಿನ ಒಳಪೊರೆ ಊದಿ ಬೆಳೆದದ್ದು. ಕೆಂಪು-ನೇರಳೆ ಬಣ್ಣದ ನುಣುಪಾದ ಉಬ್ಬು, ಮೇಲೆ ರಕ್ತನಾಳದ ಗೆರೆಗಳು ಕಂಡರೆ ಚಿಮಟ ತಾಗಿಸದೆ ಸ್ಕ್ಯಾನಿಗೆ ಬರೆಯಬೇಕು.

ಸ್ಕ್ಯಾನ್ ಅಂದರೆ ಕಾಂಟ್ರಾಸ್ಟ್ (ರಕ್ತನಾಳಗಳು ಎದ್ದು ಕಾಣಲು ಕೊಡುವ ಔಷಧ) ಹಾಕಿದ ಸಿಟಿ. ದುಡ್ಡು ಉಳಿಸಲು ಪ್ಲೇನ್ ಸಿಟಿ ಮಾಡಿಸಿಕೊಂಡು ಬರುವವರಿದ್ದಾರೆ. ಅದರಲ್ಲಿ ಪಾಲಿಪ್ಪೂ ಈ ಗಡ್ಡೆಯೂ ಒಂದೇ ಬೂದು ಬಣ್ಣದಲ್ಲಿ ಕಂಡು, ಮತ್ತೆ ಸ್ಕ್ಯಾನ್ ಮಾಡಿಸಬೇಕಾಗುತ್ತದೆ. ಕಾಂಟ್ರಾಸ್ಟ್ ಕೊಟ್ಟಾಗ ಆಂಜಿಯೋಫೈಬ್ರೋಮಾ ಬೆಳ್ಳಗೆ ಹೊಳೆಯುತ್ತದೆ. ಮೂಗಿನ ಹಿಂಬದಿಯ ಪಕ್ಕಗೋಡೆಯಲ್ಲಿರುವ ಸ್ಫೀನೋಪ್ಯಾಲಟೈನ್ ರಂಧ್ರ ಅಗಲವಾಗಿರುತ್ತದೆ, ಕೆನ್ನೆಯ ಸೈನಸ್ಸಿನ ಹಿಂಗೋಡೆ ಮುಂದಕ್ಕೆ ಬಾಗಿರುತ್ತದೆ. ಈ ಬಾಗುವಿಕೆಗೇ ಹಾಲ್ಮನ್–ಮಿಲ್ಲರ್ ಚಿಹ್ನೆ ಎನ್ನುವುದು. ಇಷ್ಟು ಸೇರಿದರೆ ರೋಗ ಗುರುತಿಸಲು ಬಯಾಪ್ಸಿ ಬೇಕಾಗುವುದಿಲ್ಲ. ಗಡ್ಡೆ ಕಣ್ಣಿನ ಕಡೆಗೋ ಮೆದುಳಿನ ಕಡೆಗೋ ಚಾಚಿದ್ದರೆ ಎಂಆರ್‌ಐ ಕೂಡ ಬೇಕು.

ಆಪರೇಷನ್ನಿಗೆ ಮುಂಚೆ ಹಿಮೋಗ್ಲೋಬಿನ್ ಸರಿಪಡಿಸಬೇಕು, ಏಕೆಂದರೆ ತಿಂಗಳುಗಟ್ಟಲೆ ರಕ್ತ ಹೋದ ಹುಡುಗರು ಬಿಳಚಿಕೊಂಡೇ ಬಂದಿರುತ್ತಾರೆ. ಕ್ರಾಸ್‌ಮ್ಯಾಚ್ ಮಾಡಿದ (ಹುಡುಗನ ರಕ್ತಕ್ಕೆ ಹೊಂದುತ್ತದೆಂದು ಪರೀಕ್ಷಿಸಿದ) ರಕ್ತ ಕೈಯಲ್ಲಿರಬೇಕು. ಎಂಬೊಲೈಸೇಶನ್, ಅಂದರೆ ಗಡ್ಡೆಯ ರಕ್ತನಾಳ ಮುಚ್ಚುವುದು, ಸಾಧಾರಣವಾಗಿ ಆಪರೇಷನ್ನಿನ 24ರಿಂದ 72 ಗಂಟೆ ಮೊದಲು ಆಗುತ್ತದೆ. ತೊಡೆಸಂದಿನ ನಾಳದಿಂದ ತೆಳು ಕೊಳವೆ ಏರಿಸಿ, ಗಡ್ಡೆಗೆ ರಕ್ತ ಕೊಡುವ ಮ್ಯಾಕ್ಸಿಲರಿ ನಾಳದ ಕವಲುಗಳನ್ನು ಸಣ್ಣ ಕಣಗಳಿಂದ ಮುಚ್ಚುತ್ತಾರೆ. ಇದಾದ ಮೇಲೆ ಆಪರೇಷನ್ ತಡಮಾಡಿದರೆ ಪಕ್ಕದ ನಾಳಗಳು ತೆರೆದುಕೊಂಡು ಮಾಡಿದ್ದು ವ್ಯರ್ಥ. ಕಣಗಳು ಕಣ್ಣಿನ ನಾಳಕ್ಕೆ ಹರಿದರೆ ದೃಷ್ಟಿ ಹೋಗುವ ಅಪಾಯವಿದೆ. ಆದ್ದರಿಂದ ಮೊದಲು ಆಂಜಿಯೋಗ್ರಾಮ್ (ರಕ್ತನಾಳಗಳ ಎಕ್ಸ್‌ರೇ ಚಿತ್ರ) ಮಾಡಿ, ಅಪಾಯದ ಸಂಪರ್ಕಗಳನ್ನು ಹುಡುಕಿಯೇ ಮುಂದುವರಿಯಬೇಕು.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಎಂಬೊಲೈಸೇಶನ್ ಅಲ್ಲೇ ಆಗುತ್ತದೆಯೇ, ಬೇರೆ ಊರಿಗೆ ಹೋಗಬೇಕೇ ಎಂಬುದನ್ನು ಅಡ್ಮಿಟ್ ಆಗುವ ಮೊದಲೇ ಕೇಳಿಕೊಳ್ಳಿ. ಬಿಪಿಎಲ್ ಕಾರ್ಡಿನವರು ರೆಫರಲ್ ಚೀಟಿ ಸಮೇತ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಸರ್ಕಾರಿ ಆರೋಗ್ಯ ಯೋಜನೆಯ ನೆರವಿಗೆ ಇರುವವರು) ಕಂಡರೆ ಆ ಯೋಜನೆಯಲ್ಲಿ ಏನೇನು ಬರುತ್ತದೆ ಎಂಬುದು ಗೊತ್ತಾಗುತ್ತದೆ.

ಈಗ ಹೆಚ್ಚಿನ ಗಡ್ಡೆಗಳನ್ನು ಮುಖದ ಮೇಲೆ ಗಾಯವಿಲ್ಲದೆ ಎಂಡೋಸ್ಕೋಪಿನಲ್ಲೇ ತೆಗೆಯಬಹುದು. ಕಷ್ಟ ಇರುವುದು ಬುಡದಲ್ಲಿ. ಕರಿಕೆಯನ್ನು ಮೇಲೆ ಕಿತ್ತರೆ ಎರೆ ಹೊಲದಲ್ಲಿ ಮತ್ತೆ ಚಿಗುರುವ ಹಾಗೆ, ಮೂಗಿನ ಹಿಂಬದಿಯ ಟೆರಿಗಾಯ್ಡ್ ಎಲುಬಿನೊಳಗೆ, ಅದರಲ್ಲಿ ನರ-ನಾಳ ಹಾಯುವ ವಿಡಿಯನ್ ಕಾಲುವೆಯ ಸುತ್ತ ಉಳಿದ ಚೂರು ಮತ್ತೆ ಬೆಳೆಯುತ್ತದೆ. ಮೂಗು ಖಾಲಿಯಾಗಿ ಕಂಡಿತೆಂದು ನಿಲ್ಲಿಸದೆ, ಆ ಎಲುಬನ್ನು ಡ್ರಿಲ್ಲಿನಿಂದ ಕೊರೆದು ಶುದ್ಧಮಾಡಬೇಕು. ನನ್ನ ಮಟ್ಟಿಗೆ ಇಡೀ ಆಪರೇಷನ್ನಿನಲ್ಲಿ ಆತುರ ಸಲ್ಲದ ಘಟ್ಟ ಇದೇ. ರೇಡಿಯೇಶನ್ ಕೊನೆಯ ಆಯ್ಕೆ. ಎಳೆ ವಯಸ್ಸಿನಲ್ಲಿ ಕೊಟ್ಟದ್ದು ಮುಂದೆ ಕ್ಯಾನ್ಸರ್ ತರಬಹುದು.

ಆಪರೇಷನ್ ಆದ ಮೂರ್ನಾಲ್ಕು ತಿಂಗಳಿಗೆ ಕಾಂಟ್ರಾಸ್ಟ್ ಎಂಆರ್‌ಐ ಮಾಡಿಸಿ, ಆಮೇಲೂ ಕೆಲವು ವರ್ಷ ವೈದ್ಯರು ಹೇಳಿದ ಹಾಗೆ ನೋಡಿಸುತ್ತಿರಬೇಕು. ರಕ್ತ ನಿಂತಿತು, ಉಸಿರು ಸಲೀಸಾಯಿತು ಅಂತ ಬಿಟ್ಟುಬಿಡಬೇಡಿ. ಪ್ರತಿ ಸಲ ಮೊದಲಿನ ಸ್ಕ್ಯಾನಿನ ಸಿಡಿ ತನ್ನಿ. ಸ್ಕ್ಯಾನಿನಲ್ಲಿ ಹೊಳೆಯುತ್ತಿರುವುದು ಮಾಯುತ್ತಿರುವ ಗಾಯವೋ ಉಳಿದ ಗಡ್ಡೆಯೋ ಎಂದು ಬರೀ ರಿಪೋರ್ಟಿನ ಹಾಳೆಯಿಂದ ಹೇಳಲಾಗುವುದಿಲ್ಲ.