ತಿಮಿಂಗಿಲದ ಬಾಲ ಮತ್ತು ಒಂದು ಎಚ್

ಅಕ್ಕನ ಮಗ ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ಕೆಲಸಕ್ಕಿದ್ದಾನೆ. ಈ ಸಲ ರಜೆಯಲ್ಲಿ ಕುಂಬಳೆಗೆ ಬಂದಾಗ ಅವನ ಟೀ ಶರ್ಟಿನ ಚಿತ್ರದ ಮೇಲೆ ನನ್ನ ಕಣ್ಣು ಬಿತ್ತು. ಕೆಳಗೆ ಹಸಿರು ಡಬ್ಲ್ಯೂ. ಮೇಲೆ ನೀಲಿ ಬಣ್ಣದಲ್ಲಿ ತಿಮಿಂಗಿಲದ ಬಾಲ. 35 ವರ್ಷ ಬೋರ್ಡ್ ಬರೆದವನು ನಾನು. ಆದರೂ ಮೂರನೆಯದು ಕಾಣಲಿಲ್ಲ.

"ಮಾವ, ಮಧ್ಯದ ಬಿಳಿ ಜಾಗ ನೋಡಿ" ಅಂದ.

ನೋಡಿದೆ. ಎಚ್! ಊರಿನ ಮೊದಲ ಅಕ್ಷರ. ಒಮ್ಮೆ ಕಂಡ ಮೇಲೆ ಬೇರೇನೂ ಕಾಣುವುದೇ ಇಲ್ಲ. 1979ರಲ್ಲಿ ಪೀಟರ್ ಗುಡ್ ಎಂಬ ಡಿಸೈನರ್ ಬಿಡಿಸಿದ್ದಂತೆ. ಆ ಕೈಗೆ ದೊಡ್ಡ ನಮಸ್ಕಾರ.

ಅದು ಹಾರ್ಟ್‌ಫರ್ಡ್ ವೇಲರ್ಸ್ ಎಂಬ ಐಸ್ ಹಾಕಿ ತಂಡದ ಗುರುತು. ವೇಲರ್ಸ್ ಅಂದರೆ ತಿಮಿಂಗಿಲ ಬೇಟೆಗಾರರು. ತಂಡ ಈಗಿಲ್ಲ. ಆದರೂ ಅಲ್ಲಿನವರು ಈ ಅಂಗಿ ಬಿಟ್ಟಿಲ್ಲ. ಯಾಕೆ ಅಂತ ಕೇಳಿದೆ. ಆ ರಾತ್ರಿ ಮಾತು ಮುಗಿಯಲೇ ಇಲ್ಲ.

1972ರಲ್ಲಿ ಬಾಸ್ಟನ್ನಿನಲ್ಲಿ ಆಟ ಶುರು. ಆಗ ಹೆಸರು ನ್ಯೂ ಇಂಗ್ಲೆಂಡ್ ವೇಲರ್ಸ್. ಮೊದಲ ಸೀಸನ್ನಿನಲ್ಲೇ ತಮ್ಮ ಆಗಿನ ಲೀಗಿನ ಕಪ್ ಗೆದ್ದರು. ಹಾರ್ಟ್‌ಫರ್ಡಿಗೆ ಬಂದದ್ದು 1975ರಲ್ಲಿ. ಮೂರೇ ವರ್ಷಕ್ಕೆ, 1978ರ ಜನವರಿ 18ರ ನಸುಕಿನಲ್ಲಿ, ಹಿಮದ ಭಾರಕ್ಕೆ ಅವರ ಸ್ಟೇಡಿಯಂನ ಮಾಡು ಕುಸಿದು ಬಿತ್ತು. ಕೆಲವೇ ಗಂಟೆ ಮುಂಚೆ ಅದೇ ಮಾಡಿನ ಕೆಳಗೆ ಸಾವಿರಾರು ಜನ ಬಾಸ್ಕೆಟ್‌ಬಾಲ್ ನೋಡುತ್ತಾ ಕೂತಿದ್ದರು! ದೇವರು ದೊಡ್ಡವ, ಯಾರಿಗೂ ಏನೂ ಆಗಲಿಲ್ಲ. ಮತ್ತೆ ಎರಡು ವರ್ಷ ತಂಡ ಸ್ಪ್ರಿಂಗ್‌ಫೀಲ್ಡಿನಲ್ಲಿ ಆಡಿತು. ಸುಮಾರು 40 ಕಿಲೋಮೀಟರ್ ದೂರ, ನಮಗೆ ಇಲ್ಲಿಂದ ಮಂಗಳೂರು ಇದ್ದ ಹಾಗೆ. ಚಳಿಯಲ್ಲಿ ಊರವರು ಅಲ್ಲಿಗೂ ಹೋಗುತ್ತಿದ್ದರು.

1979ರಲ್ಲಿ ಅಲ್ಲಿನ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ಸೇರಿದರು. ಆ ಸೀಸನ್ನಿನಲ್ಲಿ ಗಾರ್ಡಿ ಹೋವ್ ಎಂಬ ಆಟಗಾರ ಅರ್ಧ ಶತಕ ದಾಟಿದ ವಯಸ್ಸಿನಲ್ಲಿ 80 ಪಂದ್ಯ ಆಡಿದರು. ಒಂದೂ ತಪ್ಪಿಸಲಿಲ್ಲ. ಅವರ ಇಬ್ಬರು ಮಕ್ಕಳೂ ಅದೇ ತಂಡದಲ್ಲಿದ್ದರು.

ನನಗೆ ಜಾಸ್ತಿ ಇಷ್ಟವಾದದ್ದು 1986. ಕ್ವಿಬೆಕ್ ತಂಡವನ್ನು ಸೋಲಿಸಿ ಮುಂದೆ ಹೋದರು. ಮಾಂಟ್ರಿಯಲ್ ಎದುರು ನಿರ್ಣಾಯಕ ಏಳನೇ ಪಂದ್ಯ, ಅದೂ ಓವರ್‌ಟೈಮಿನಲ್ಲಿ, ಒಂದೇ ಗೋಲಿನಿಂದ ಸೋತರು. ಸೋತು ಬಂದವರನ್ನು ಊರು ಮೆರವಣಿಗೆ ಮಾಡಿತು! ಗೆದ್ದವರಿಗೆ ಹಾರ ಯಾರು ಬೇಕಾದರೂ ಹಾಕುತ್ತಾರೆ, ಅಲ್ವಾ?

1991ರಲ್ಲಿ ಜನರ ಕಣ್ಮಣಿಯಾಗಿದ್ದ ಆಟಗಾರ ರಾನ್ ಫ್ರಾನ್ಸಿಸ್‌ರನ್ನು ಪಿಟ್ಸ್‌ಬರ್ಗ್ ತಂಡಕ್ಕೆ ಕೊಟ್ಟುಬಿಟ್ಟರು. ಆ ವರ್ಷವೂ ಮರುವರ್ಷವೂ ಎನ್‌ಎಚ್‌ಎಲ್‌ನ ಸ್ಟಾನ್ಲಿ ಕಪ್ ಪಿಟ್ಸ್‌ಬರ್ಗಿಗೇ. 1997ರ ಏಪ್ರಿಲ್ 13ರಂದು ಕೊನೆಯ ಪಂದ್ಯ. ಟ್ಯಾಂಪಾ ಬೇ ಎದುರು 2-1ರಿಂದ ಗೆದ್ದರು. ಕೊನೆಯ ಗೋಲು ಕೆವಿನ್ ಡಿನೀನ್ ಹೊಡೆದದ್ದು. ಆಮೇಲೆ ಮಾಲೀಕರು ತಂಡವನ್ನು ನಾರ್ತ್ ಕೆರೊಲಿನಾಕ್ಕೆ ಒಯ್ದರು. ಹೆಸರೂ ಬದಲಾಯಿತು, ಕೆರೊಲಿನಾ ಹರಿಕೇನ್ಸ್. 2006ರಲ್ಲಿ ಅವರು ಸ್ಟಾನ್ಲಿ ಕಪ್ಪನ್ನೂ ಗೆದ್ದರು.

ನಮ್ಮ ವಠಾರದ ಕಬಡ್ಡಿ ತಂಡದ ಬನಿಯನ್ನಿಗೆ ನಂಬರ್ ಬರೆಯುತ್ತಿದ್ದವನು ನಾನೇ. ಹುಡುಗರು ಒಬ್ಬೊಬ್ಬರೇ ಗಲ್ಫಿಗೆ ಹೋದರು, ತಂಡ ನಿಂತಿತು. ಬೇಸರವಾದರೂ ಯಾರನ್ನು ದೂರುವುದು? ಹಾರ್ಟ್‌ಫರ್ಡಿನಲ್ಲಿ ನೋಡುವವರೆಲ್ಲ ಊರಲ್ಲೇ ಇದ್ದರು, ತಂಡವೇ ಎದ್ದು ಹೋಯಿತು. ಅದು ಬೇರೆಯೇ ಸಂಕಟ.

ನಿನ್ನೆ ಬಿಳಿ ಬಳಿದ ಹಳೇ ತಗಡೊಂದನ್ನು ಹೊರಗೆ ತೆಗೆದೆ. ಹಸಿರು ಎನಾಮೆಲಿನಲ್ಲಿ ಡಬ್ಲ್ಯೂ ತುಂಬಿದೆ. ಅದು ಒಣಗಿದ ಮೇಲೆ ನೀಲಿಯಲ್ಲಿ ಬಾಲ. ಅಂಚು ಒಂದು ನೂಲು ಆಚೀಚೆ ಆದರೂ ಮಧ್ಯದ ಎಚ್ ಕೆಡುತ್ತದೆ. ಉಸಿರು ಬಿಗಿಹಿಡಿದು ಬ್ರಷ್ ಎಳೆದೆ. ಬ್ರಷ್ ತೊಳೆದಿಟ್ಟು ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿದೆ. ಬಣ್ಣ ತಾಗದ ಜಾಗದಲ್ಲಿ ಎಚ್ ನೆಟ್ಟಗೆ ನಿಂತಿತ್ತು.