ಎಡಗಾಲಿಗೆ ಬಿಡುವು

ಎಡ ಮಂಡಿಯ ಆಪರೇಷನ್ ಆದ ಮೇಲೆ ಡಾಕ್ಟರ್ ಸ್ಪಷ್ಟವಾಗಿ ಹೇಳಿದರು: ನಡೆಯಬಹುದು, ಈಜಬಹುದು, ಬಿಗಿ ಕ್ಲಚ್ ಮಾತ್ರ ತುಳಿಯಬಾರದು. ಸಮಸ್ಯೆ ಅಲ್ಲೇ ಇತ್ತು. ನನ್ನ ಹತ್ತಿರ ಇರುವುದು 1965ರ ಫೋರ್ಡ್ ಮಸ್ಟಾಂಗ್. 289 ಘನ ಇಂಚಿನ, ಎಂಟು ಸಿಲಿಂಡರಿನ ವಿ8 ಎಂಜಿನ್, ನಾಲ್ಕು ಗೇರಿನ ಮ್ಯಾನುಯಲ್. ಅದರ ಕ್ಲಚ್‌ಗೆ ಹೈಡ್ರಾಲಿಕ್ ನೆರವಿಲ್ಲ. ಪೆಡಲ್‌ನಿಂದ ಒಂದು ಸರಳು, ಅಲ್ಲಿಂದ ಎಂಜಿನ್ ಪಕ್ಕದ ಅಡ್ಡ ಸಲಾಕೆ, ಅಲ್ಲಿಂದ ಕ್ಲಚ್ ಫೋರ್ಕ್. ಎಲ್ಲಾ ಕಾಲಿನ ಬಲದಲ್ಲೇ ನಡೆಯಬೇಕು.

ನಾವಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಇಲ್ಲಿ ಆಗಸ್ಟ್ ತಿಂಗಳ ಮೂರನೇ ಶನಿವಾರ ಹಳೇ ಕಾರುಗಳೆಲ್ಲ ವುಡ್‌ವರ್ಡ್ ಅವೆನ್ಯೂಗೆ ಇಳಿಯುತ್ತವೆ. 1995ರಿಂದ ನಡೆದು ಬಂದ ಜಾತ್ರೆ ಅದು. ಮೈಲಿಗಟ್ಟಲೆ ರಸ್ತೆ ತುಂಬಿಕೊಂಡು ಕಾರುಗಳು ತೆವಳುತ್ತವೆ. ಒಂದು ಹೆಜ್ಜೆ ಮುಂದೆ, ಒಂದು ಕ್ಲಚ್. ಮತ್ತೆ ಒಂದು ಹೆಜ್ಜೆ, ಮತ್ತೆ ಕ್ಲಚ್. ನನ್ನ ಮಂಡಿಗೆ ಅದು ಆಗದ ಕೆಲಸ.

"ಮಾರಿ ಅಂತ ನಾನು ಹೇಳಲ್ಲ ರೀ," ಅಂದಳು ಹೆಂಡತಿ. "ಆದರೆ ಗ್ಯಾರೇಜಲ್ಲಿ ನಿಲ್ಸಿಕೊಂಡು ಸುಮ್ನೆ ಒರೆಸ್ತಾ ಇರೋದಾದ್ರೆ ಅದು ಯಾಕೆ ಬೇಕು?" ಅವಳ ಮಾತು ಸರಿ ಅನಿಸಿತು. ಓಡದೆ ನಿಂತ ಕಾರು ಬೇಗ ಹಾಳಾಗುತ್ತದೆ. ಸೀಲ್‌ಗಳು ಒಣಗುತ್ತವೆ, ಬ್ರೇಕ್ ಸಿಲಿಂಡರ್ ತುಕ್ಕು ಹಿಡಿಯುತ್ತದೆ, ಪೆಟ್ರೋಲ್ ಕೆಡುತ್ತದೆ. ಹಾಗಾಗಿ ಅದನ್ನು ಆಟೊಮ್ಯಾಟಿಕ್ ಮಾಡುವುದು ಅಂತ ತೀರ್ಮಾನವಾಯಿತು.

ಹಾಕಿದ್ದು ಫೋರ್ಡ್‌ನದೇ ಸಿ4 ಆಟೊಮ್ಯಾಟಿಕ್ ಗೇರ್ ಬಾಕ್ಸ್. ಮೂರು ಗೇರು, ಅಲ್ಯೂಮಿನಿಯಂ ಮೈ. ಇದೇ ಕಾರಿಗೆ ಇದೇ ಗೇರ್ ಬಾಕ್ಸನ್ನು ಕಂಪನಿಯೇ ಆಗ ಕೊಡುತ್ತಿತ್ತು. ಗಿರಾಕಿ ಕೇಳಿದರೆ ಮ್ಯಾನುಯಲ್, ಕೇಳಿದರೆ ಆಟೊಮ್ಯಾಟಿಕ್. ಅಂದರೆ ಈ ಕಾರಿಗೆ ಅದು ಹೊರಗಿನದೇನಲ್ಲ. ಹೊಸ ಕಾಲದ ನಾಲ್ಕು ಗೇರಿನ ಆಟೊಮ್ಯಾಟಿಕ್ ಹಾಕು, ಪೆಟ್ರೋಲ್ ಉಳಿಯುತ್ತೆ ಅಂತ ಹಲವರು ಹೇಳಿದರು. ಆದರೆ 1965ರಲ್ಲಿ ಕಾರ್ಖಾನೆಯಿಂದ ಹೀಗೆಯೇ ಹೊರಗೆ ಬರಬಹುದಾಗಿತ್ತು ಅನ್ನುವಂಥ ಕಾರೇ ನನಗೆ ಬೇಕಾಗಿತ್ತು.

ಜಾಸ್ತಿ ಜನ ಇದನ್ನು ಗೇರ್ ಬಾಕ್ಸ್ ಬದಲಾಯಿಸುವ ಕೆಲಸ ಅಂದುಕೊಳ್ಳುತ್ತಾರೆ. ಅದರ ಜೊತೆಗೆ ಬದಲಾಗುವುದು ಎಷ್ಟೊಂದಿದೆ! ಎಂಜಿನ್ ಹಿಂದಿನ ಭಾರದ ಚಕ್ರ, ಫ್ಲೈವೀಲ್, ತೆಗೆದು ಫ್ಲೆಕ್ಸ್‌ಪ್ಲೇಟ್ ಅನ್ನುವ ತೆಳು ತಟ್ಟೆ ಹಾಕಬೇಕು. ಅದರ ಬ್ಯಾಲೆನ್ಸ್ ಎಂಜಿನ್ನಿಗೆ ಹೊಂದಬೇಕು, 289ಕ್ಕೆ ಅದು 28 ಔನ್ಸ್. ಸ್ಟಾರ್ಟರ್ ಮೋಟಾರೂ ಬೇರೆ. ರೇಡಿಯೇಟರ್‌ನಲ್ಲಿ ಗೇರ್ ಎಣ್ಣೆ ತಂಪು ಮಾಡುವ ವ್ಯವಸ್ಥೆ ಬೇಕು. ಕಾರ್ಬ್ಯುರೇಟರ್‌ನಿಂದ ಕಿಕ್‌ಡೌನ್ ಸರಳು (ಆಕ್ಸಲರೇಟರ್ ಜೋರಾಗಿ ಒತ್ತಿದಾಗ ಗೇರ್ ಇಳಿಸುವುದು ಅದು), ಎಂಜಿನ್ನಿನಿಂದ ವ್ಯಾಕ್ಯೂಮ್ ಪೈಪು, ಅಗಲದ ಬ್ರೇಕ್ ಪೆಡಲ್, ಅಳತೆಗೆ ಹೊಂದುವ ಪ್ರೊಪೆಲ್ಲರ್ ಶಾಫ್ಟ್.

ಎರಡೂ ಗೇರ್ ಬಾಕ್ಸ್ ಅದಲು ಬದಲಾದದ್ದು ಒಂದು ಶನಿವಾರ. ಪಕ್ಕದ ಬೀದಿಯ ಹಿರಿಯರೊಬ್ಬರು ಬಂದಿದ್ದರು. ಗೇರ್ ಬಾಕ್ಸ್ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು. ನಾನು ನೆಲಕ್ಕೆ ಕೂರುವ ಹಾಗಿರಲಿಲ್ಲ. ಕಾರಿನ ಕೆಳಗೆ ಮಲಗಿದ್ದು ನನ್ನ ಮಗಳು.

ಎಂಜಿನ್ನಿನ ತಿರುಗುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಅದರ ತುದಿಯಲ್ಲಿ ಬಳೆಯಂಥ ಒಂದು ಸಣ್ಣ ಕಂಚಿನ ಬುಷ್ ಇರುತ್ತದೆ. ಮ್ಯಾನುಯಲ್ ಗೇರ್ ಬಾಕ್ಸಿನ ಶಾಫ್ಟ್ ಅದರೊಳಗೆ ಕೂರುತ್ತದೆ. ಆಟೊಮ್ಯಾಟಿಕ್‌ಗೆ ಅದು ಅಡ್ಡಿ, ತೆಗೆಯಲೇಬೇಕು. ಹಿಡಿದು ಎಳೆಯಲು ಜಾಗವಿಲ್ಲ. ಹಿರಿಯರು ಅಡುಗೆಮನೆಯಿಂದ ಬ್ರೆಡ್ ತರಿಸಿದರು. ಒದ್ದೆ ಬ್ರೆಡ್ಡನ್ನು ಬುಷ್ಷಿನ ತೂತಿಗೆ ಗಟ್ಟಿಯಾಗಿ ತುಂಬಿ, ತೂತಿಗೆ ಸರಿಯಾಗಿ ಕೂರುವ ಸರಳಿಟ್ಟು ಸುತ್ತಿಗೆಯಿಂದ ಹೊಡೆದರು. ಬ್ರೆಡ್ ಹಿಂದೆ ಸೇರಿಕೊಂಡಷ್ಟೂ ಬುಷ್ ಮುಂದೆ ಬಂತು. ಕೊನೆಗೆ ಪೂರ್ತಿ ಹೊರಗೆ. ಮಗಳು ಕಾರಿನ ಕೆಳಗಿಂದಲೇ "ಅಮ್ಮಾ, ಬಾ ನೋಡು!" ಅಂತ ಕೂಗಿದಳು.

ನಿಜವಾದ ಎಚ್ಚರ ಬೇಕಿದ್ದದ್ದು ಟಾರ್ಕ್ ಕನ್ವರ್ಟರ್ ಕೂರಿಸುವಾಗ. ಕ್ಲಚ್ಚಿನ ಜಾಗದಲ್ಲಿ ಬರುವ ದುಂಡನೆಯ ಉಕ್ಕಿನ ಡಬ್ಬಿ ಅದು. ಒಳಗೆ ಎಣ್ಣೆ ಇರುತ್ತದೆ. ಎಂಜಿನ್ ಒಂದು ಚಕ್ರ ತಿರುಗಿಸುತ್ತದೆ, ಎಣ್ಣೆಯ ರಭಸಕ್ಕೆ ಎದುರಿನ ಚಕ್ರ ತಿರುಗುತ್ತದೆ. ಹಾಗಾಗಿ ಗೇರಿನಲ್ಲಿದ್ದೂ ಕಾರು ನಿಂತಿರಬಹುದು, ಎಂಜಿನ್ ಆಫ್ ಆಗುವುದಿಲ್ಲ. ಈ ಡಬ್ಬಿ ಗೇರ್ ಬಾಕ್ಸಿನೊಳಗೆ ಮೂರು ಕಡೆ ಹಲ್ಲು ಕಚ್ಚಿಕೊಳ್ಳಬೇಕು. ಮೊದಲೆರಡು ಸುಲಭ. ಕೊನೆಯದು ಎಣ್ಣೆ ಪಂಪಿನದು. ಅದು ಸೇರದೆ ಬೋಲ್ಟ್ ಬಿಗಿ ಮಾಡಿ ಎಳೆದರೆ ಪಂಪು ಮುರಿಯುತ್ತದೆ, ಎಲ್ಲಾ ಮತ್ತೆ ಇಳಿಸಬೇಕು.

ಮಗಳು ಎರಡೂ ಕೈಯಲ್ಲಿ ಕನ್ವರ್ಟರ್ ಹಿಡಿದು, ಒಳಕ್ಕೆ ಒತ್ತುತ್ತಾ ತಿರುಗಿಸಿದಳು. ಠಕ್ ಅಂತ ಒಂದು ಸಲ ಒಳಗೆ ಜಾರಿತು. ಮತ್ತೊಮ್ಮೆ ಠಕ್. ಆಮೇಲೆ ಏನೂ ಇಲ್ಲ. ನೋಡಿದವರಿಗೆ ಪೂರ್ತಿ ಕೂತ ಹಾಗೇ ಕಾಣುತ್ತಿತ್ತು. "ಅಪ್ಪಾ, ಇನ್ನೂ ಇದೆ ಅನ್ಸತ್ತೆ," ಅಂದಳು. ಬಹಳ ಹೊತ್ತು ತಿರುಗಿಸಿದಳು. ಹಿರಿಯರು ನೆರವಿಗೆ ಕೈ ಹಾಕಲಿಲ್ಲ, ನನಗೂ ಸುಮ್ಮನಿರಲು ಸನ್ನೆ ಮಾಡಿದರು. ಕಡೆಗೆ ಮೂರನೆಯ ಠಕ್ ಬಂತು. ಆ ಹುಡುಗಿಯ ಕೈಗೆ ಅದು ಗೊತ್ತಾದದ್ದು ನೋಡಿ ನನಗಾದ ಸಂತೋಷ ದೊಡ್ಡದು. ಎಂಜಿನ್ನಿಗೆ ಜೋಡಿಸಿದ ಮೇಲೂ ಕನ್ವರ್ಟರ್ ಕೈಯಲ್ಲಿ ಹಗುರವಾಗಿ ತಿರುಗಿತು. ಅದೇ ಗುರುತು.

ಇನ್ನೊಂದು ವಿಷಯ ಒತ್ತಿ ಹೇಳಬೇಕು. ಆಟೊಮ್ಯಾಟಿಕ್ ಕಾರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಮಾತ್ರ ಸ್ಟಾರ್ಟ್ ಆಗಬೇಕು. ಅದಕ್ಕೊಂದು ಸ್ವಿಚ್ ಇದೆ. ಎರಡು ವೈರ್ ಸೇರಿಸಿ ಟೇಪ್ ಸುತ್ತಿ ಅದನ್ನು ತಪ್ಪಿಸಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡ್ರೈವ್‌ನಲ್ಲಿರುವಾಗ ಕೀ ತಿರುಗಿಸಿದರೆ ಮುಂದೆ ಯಾರು ನಿಂತಿದ್ದಾರೆ ಅಂತ ಕಾರು ನೋಡುವುದಿಲ್ಲ.

ಈ ಗೇರ್ ಬಾಕ್ಸಿಗೆ ಹಾಕುವ ಎಣ್ಣೆ ಟೈಪ್ ಎಫ್ ಅನ್ನುವ ಬಗೆಯದು. ಸ್ವಲ್ಪ ಹಾಕಿ, ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿಕೊಂಡು ಎಲ್ಲಾ ಗೇರಿಗೂ ಒಮ್ಮೆ ಹೋಗಿ ಬಂದು, ಮತ್ತೆ ಹಾಕಿ ನೋಡಿದೆವು. 1966ರವರೆಗಿನ ಸಿ4 ಲಿವರ್‌ನಲ್ಲಿ ಎರಡು ಚುಕ್ಕೆಗಳಿವೆ. ದೊಡ್ಡ ಹಸಿರು ಚುಕ್ಕೆಗಿಟ್ಟರೆ ಫಸ್ಟ್ ಗೇರಿನಿಂದ ಹೊರಡುತ್ತದೆ. ಸಣ್ಣದಕ್ಕಿಟ್ಟರೆ ಸೆಕೆಂಡಿನಿಂದ, ಜಾರುವ ರಸ್ತೆಗೆ ಅಂತ. ಹಿಮ ಬೀಳುವ ಈ ಊರಿನವರ ಯೋಚನೆ ಅದರಲ್ಲಿ ಕಾಣುತ್ತದೆ, ಅಲ್ವಾ?

ಡ್ರೈವರ್ ಬಾಗಿಲಿನ ತಗಡಿನಲ್ಲಿ ಗೇರ್ ಬಾಕ್ಸಿನ ನಂಬರ್ ಕೆತ್ತಿರುತ್ತಾರೆ. ನನ್ನದರಲ್ಲಿ 5 ಇದೆ, ನಾಲ್ಕು ಗೇರಿನ ಮ್ಯಾನುಯಲ್ ಅಂತ. ಸಿ4ಕ್ಕೆ 6. ಕಾರು ಪ್ರಿಯರೊಬ್ಬರು ಅದನ್ನು ನೋಡಿ, ನಾಲ್ಕು ಗೇರಿನದನ್ನು ಹೀಗೆ ಮಾಡಿದ್ದಕ್ಕೆ ನನ್ನ ಮೇಲೆ ಸಿಟ್ಟಾದರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಗೇರ್ ಬದಲಿಸುವ ಆ ಸುಖ ನನಗೂ ನೆನಪಾಗುತ್ತದೆ. ಆದರೆ ಕಾರಿನ ಮೂಲ ರೂಪಕ್ಕಿಂತ ಅದು ರಸ್ತೆಯಲ್ಲಿ ಓಡುವುದು ದೊಡ್ಡದು ಅನ್ನುವುದು ನನ್ನ ನಂಬಿಕೆ. ತಗಡನ್ನು ಬದಲಿಸಿಲ್ಲ, ಬದಲಿಸುವುದೂ ಇಲ್ಲ. ಹಳೇ ಗೇರ್ ಬಾಕ್ಸ್, ಕ್ಲಚ್, ಪೆಡಲ್, ಒಂದೊಂದು ಬೋಲ್ಟಿಗೂ ಚೀಟಿ ಕಟ್ಟಿ ಬೇಸ್‌ಮೆಂಟಿನಲ್ಲಿ ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಮುಂದೆ ಯಾರಿಗಾದರೂ ಮೊದಲಿನಂತೆ ಬೇಕಾದರೆ ಒಂದೂ ಹುಡುಕಬೇಕಿಲ್ಲ.

ಹೆಂಡತಿ ಡ್ರೈವಿಂಗ್ ಕಲಿತದ್ದು ಅಮೆರಿಕಕ್ಕೆ ಬಂದ ಮೇಲೆ, ಆಟೊಮ್ಯಾಟಿಕ್‌ನಲ್ಲಿ. ಇಷ್ಟು ವರ್ಷ ಈ ಕಾರಿನಲ್ಲಿ ಪಕ್ಕದ ಸೀಟಷ್ಟೇ ಅವಳದು. ಈಗ ಟ್ರಾಯ್ ಊರಿನ ಭಾರತೀಯ ದೇವಸ್ಥಾನಕ್ಕೆ ಅವಳೇ ಓಡಿಸುತ್ತಾಳೆ. "ಮೇಲೆ ಹತ್ತೋವಾಗ ಗೇರ್ ಇಳಿಯೋದು ತಡ ಆಗ್ತಿದೆ ರೀ," ಅಂದಳು ಮೊನ್ನೆ. ಅವಳು ಹೇಳಿದ್ದು ನಿಜ. ಕಿಕ್‌ಡೌನ್ ಸರಳನ್ನು ಇನ್ನೂ ಸ್ವಲ್ಪ ಸರಿಮಾಡಬೇಕು.